ಎರಡೂ ಕಡೆಯ ಲಿಂಕ್‌ಗೆ ‘ಕೊಂಡಿ’ ಸಾಕೇ, ‘ಬೆಸುಗೆ’ ಬೇಕೇ?

ಗೆಳೆಯರೇ,

ಟಿಪ್ಪಣಿಗಳನ್ನು ಒಂದಕ್ಕೊಂದು ಜೋಡಿಸಿಡುವ ಬಗೆಯ ಮೇಲೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್ (1927–1998) ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಪ್ರತಿ ಚೀಟಿಗೂ ಒಂದು ಸಂಖ್ಯೆ: 57/12ರ ಮಾತು ಮುಂದುವರಿದರೆ ಮುಂದಿನ ಚೀಟಿ 57/13. ನಡುವೆ ಒಂದು ವಿಚಾರ ಬೇರೆ ಕಡೆ ತಿರುಗಿದರೆ 57/12ಎ. ಇದಕ್ಕೆ ‘ಕವಲು’ ಸರಿಯಾಗಿ ಹೊಂದುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಎಲ್ಲೋ ದೂರದ ಕವಲಿನ ಚೀಟಿಯ ಸಂಖ್ಯೆಯನ್ನೂ ಇಲ್ಲಿ ಬರೆದಿಡುತ್ತಿದ್ದರು. ನನ್ನ ಪ್ರಶ್ನೆ ಈ ಎರಡನೆಯದರ ಬಗ್ಗೆ: ದೂರದ ಎರಡು ಚೀಟಿಗಳನ್ನು ಹೀಗೆ ಕೂಡಿಸುವುದಕ್ಕೆ ಏನನ್ನೋಣ?

ಮರದ ಕೊಂಬೆ ಒಮ್ಮೆ ಕವಲೊಡೆದರೆ ಸಾಮಾನ್ಯವಾಗಿ ಮತ್ತೆ ಕೂಡುವುದಿಲ್ಲ. ಎಲೆಯ ನರಗಳು ಹಾಗಲ್ಲ. ಅಗಲವಾದ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ನರಗಳು ಒಂದನ್ನೊಂದು ಸೇರಿ ಬಲೆಯಾಗಿರುತ್ತವೆ. ಹುಳು ಒಂದು ನರ ಕಡಿದರೂ ನೀರು ಬೇರೆ ನರಗಳಲ್ಲಿ ಸುತ್ತಿಕೊಂಡು ಆಚೆ ತಲುಪುತ್ತದೆ. ಟಿಪ್ಪಣಿಯಲ್ಲೂ ಬೇಕಿರುವುದು ಇದೇ ಅಲ್ವಾ? ಒಂದು ದಾರಿ ಮರೆತರೂ ಇನ್ನೊಂದು ದಾರಿಯಲ್ಲಿ ಅದೇ ವಿಚಾರ ಸಿಗಬೇಕು.

‘ಕೊಂಡಿ’ ಈಗಾಗಲೇ ಬಳಕೆಯಲ್ಲಿದೆ. ಆದರೆ ಜಾಲತಾಣಗಳಿಂದಾಗಿ ಅದಕ್ಕೆ ಒಂದೇ ದಿಕ್ಕಿನ ಅರ್ಥ ಅಂಟಿದೆ: ಇಲ್ಲಿ ಒತ್ತಿದರೆ ಅಲ್ಲಿಗೆ. ಆಬ್ಸಿಡಿಯನ್‌ನಂತಹ ಟಿಪ್ಪಣಿ ಆ್ಯಪ್‌ಗಳು ಈ ಟಿಪ್ಪಣಿಗೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಎಂದೂ ತೋರಿಸುತ್ತವೆ. ಅದನ್ನು ‘ಹಿಂಗೊಂಡಿ’ ಅನ್ನಬಹುದು, ಆದರೆ ಕಿವಿಗೆ ಮೊದಲು ‘ಹಿಂಗು’ ಕೇಳಿಸುತ್ತದೆ. ‘ಮರುಕೊಂಡಿ’? ‘ಮರುಮಾತು’ ನೆನೆದರೆ ಚೆನ್ನಾಗಿದೆ. ‘ಮರುಮುದ್ರಣ’ ನೆನೆದವರಿಗೆ ಮಾತ್ರ ಎರಡನೇ ಸಲ ಹಾಕಿದ ಕೊಂಡಿ ಅನ್ನಿಸೀತು.

ನನ್ನ ಒಲವು ‘ಬೆಸುಗೆ’ಯ ಕಡೆ. ಅದಕ್ಕೆ ಈ ಕಡೆ, ಆ ಕಡೆ ಎಂಬ ಭೇದವಿಲ್ಲ. ‘ಬೆಸೆ’ ಎಂಬ ಕ್ರಿಯಾಪದವೂ ಸಿದ್ಧವಾಗಿದೆ: ‘ಈ ಎರಡು ಟಿಪ್ಪಣಿಗಳನ್ನು ಬೆಸೆಯಿರಿ.’ ತೊಡಕು ಒಂದಿದೆ. ಬೆಸುಗೆ ಅಂದರೆ ಬಿಡಿಸಲಾಗದ್ದು ಎಂಬ ಭಾವ ಜಾಸ್ತಿ. ಟಿಪ್ಪಣಿಗಳ ನಂಟನ್ನು ಬೇಡವಾದಾಗ ಅಳಿಸುತ್ತೇವಲ್ಲ? ‘ಹೆಣಿಗೆ’ ಇಡೀ ಬಲೆಗೆ ಒಪ್ಪುತ್ತದೆ, ಒಂದು ಕೂಡುವಿಕೆಗಲ್ಲ. ಹೊಳೆಗಳು ಸೇರುವ ‘ಕೂಡಲು’ ನನಗೆ ತುಂಬಾ ಇಷ್ಟ. ಆದರೆ ವಾಕ್ಯದೊಳಗೆ ಅದು ‘ಕೂಡುವುದಕ್ಕೆ’ ಎಂದು ಓದಿಸಿಕೊಳ್ಳುತ್ತದೆ.

ಎಲೆಯ ನರಗಳೋ ನೀರಿನ ಕವಲುಗಳೋ ಮತ್ತೆ ಸೇರುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದ ಇದೆಯೇ? ಇದ್ದರೆ ಅದನ್ನು ಬಳಸುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.