ಹಳೆ ಕ್ಯಾಸೆಟ್, ಹೊಸ ಫೋಟೋ, ಒಂದೇ ಟೈಮ್‌ಲೈನ್: ಮುಖ ಯಾಕೆ ಅಗಲ ಆಗುತ್ತದೆ?

ಪ್ರಶ್ನೆ: ನಮಸ್ತೆ ಸರ್. ಅಪ್ಪ ಅಮ್ಮನ ಮದುವೆಯಾಗಿ 30 ವರ್ಷ ತುಂಬುತ್ತಿದೆ, ಒಂದು ವಿಡಿಯೋ ಮಾಡುತ್ತಿದ್ದೇನೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊ, ಸೀಕ್ವೆನ್ಸ್ (ವಿಡಿಯೋ ಜೋಡಿಸುವ ಫ್ರೇಮ್) 1920×1080. ಮದುವೆ ಕ್ಯಾಸೆಟ್ಟನ್ನು ಸ್ಟುಡಿಯೋದಲ್ಲಿ ಫೈಲ್ ಮಾಡಿಸಿದೆ, 720×576 ಇದೆ. ಸ್ಕ್ರೀನ್ ತುಂಬಲಿ ಅಂತ ಎಳೆದರೆ ಎಲ್ಲರ ಮುಖ ಅಗಲವಾಗುತ್ತದೆ. ಮೊಬೈಲ್ ಫೋಟೋಗಳನ್ನು ಎತ್ತರ ಸರಿಹೋಗಲಿ ಅಂತ 1440×1080ಕ್ಕೆ ಇಳಿಸಿದೆ. ಅವೂ ಒಳಗೆ ತಂದ ತಕ್ಷಣ ಅಗಲ! ಹೊರಗೆ ತೆರೆದು ನೋಡಿದರೆ ಸರಿಯಾಗೇ ಇವೆ. ಎಲ್ಲವನ್ನೂ 300 ಡಿಪಿಐ ಮಾಡಿದರೆ ಸರಿಹೋಗುತ್ತಾ?

ಉತ್ತರ: ನಮಸ್ತೆ ಮೇಡಂ. ಡಿಪಿಐ ಮುಟ್ಟಲೇಬೇಡಿ. ಅದು ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಪ್ರಿಂಟ್ ಹಾಕುವವರ ಲೆಕ್ಕ. ವಿಡಿಯೋದಲ್ಲಿ ನೋಡಬೇಕಾದ್ದು ಅಡ್ಡಕ್ಕೆಷ್ಟು ಪಿಕ್ಸೆಲ್, ಉದ್ದಕ್ಕೆಷ್ಟು, ಒಂದೊಂದು ಪಿಕ್ಸೆಲ್ ಯಾವ ಆಕಾರ, ಇಷ್ಟೇ.

ಮೊದಲು ಫೋಟೋ. ನಿಮ್ಮ ತೊಂದರೆ ಇರುವುದು 1440×1080 ಅನ್ನೋ ಅಳತೆಯಲ್ಲೇ. ಹಿಂದೆ ಎಚ್‌ಡಿವಿ (ಟೇಪ್ ಮೇಲೆ ಎಚ್‌ಡಿ) ಕ್ಯಾಮೆರಾಗಳು ಇದೇ ಅಳತೆಯಲ್ಲಿ ರೆಕಾರ್ಡ್ ಮಾಡುತ್ತಿದ್ದವು. ಅವುಗಳ ಪಿಕ್ಸೆಲ್ ಚೌಕವಲ್ಲ, ಎತ್ತರಕ್ಕಿಂತ ಅಗಲ 1.333 ಪಟ್ಟು. 1440ನ್ನು ಅದರಿಂದ ಗುಣಿಸಿದರೆ 1920 ಬರುತ್ತದೆ ನೋಡಿ. ನಿಮ್ಮ ಫೋಟೋವನ್ನೂ ಸಾಫ್ಟ್‌ವೇರ್ ಎಚ್‌ಡಿವಿ ಅಂತಲೇ ತಿಳಿದು ಎಳೆದಿರಬೇಕು. ಮೊಬೈಲಿನ 4:3 ಫೋಟೋವನ್ನು 1080 ಎತ್ತರಕ್ಕೆ ಇಳಿಸಿದರೆ ಕರೆಕ್ಟಾಗಿ 1440×1080 ಆಗುತ್ತದೆ. ಹಾಗಾಗಿ ತುಂಬಾ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ. ಮಾಡಿಫೈ, ಆಮೇಲೆ ಇಂಟರ್‌ಪ್ರೆಟ್ ಫುಟೇಜ್. ಅಲ್ಲಿ ಪಿಕ್ಸೆಲ್ ಆಸ್ಪೆಕ್ಟ್ ರೇಷಿಯೋ (ಪಿಕ್ಸೆಲ್ ಆಕಾರ) ಕೆಳಗೆ ಕನ್‌ಫಾರ್ಮ್ ಟು ಆರಿಸಿ, ಸ್ಕ್ವೇರ್ ಪಿಕ್ಸೆಲ್ಸ್ (1.0) ಕೊಡಿ. ಮುಖ ಸರಿಹೋಗುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ಇಳಿಸಿದ ಫೋಟೋ ಬಿಟ್ಟು ಮೂಲ ಫೈಲನ್ನೇ ತನ್ನಿ, ಅದು 4000×3000 ಅಂದುಕೊಳ್ಳೋಣ. ಫ್ರೇಮ್ ತುಂಬಲು ಅದನ್ನು 48%ಗೆ ಇಳಿಸಿದರೆ ಸಾಕು. ಅಲ್ಲಿಂದ 100%ವರೆಗೆ, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು, ಝೂಮ್ ಮಾಡಿದರೂ ಫೋಟೋ ಮಸುಕಾಗುವುದಿಲ್ಲ. ಒಂದು ಎಚ್ಚರಿಕೆ: ‘ಸ್ಕೇಲ್ ಟು ಫ್ರೇಮ್ ಸೈಜ್’ ಒತ್ತಬೇಡಿ, ‘ಸೆಟ್ ಟು ಫ್ರೇಮ್ ಸೈಜ್’ ಒತ್ತಿ. ಮೊದಲನೆಯದು ಫೋಟೋವನ್ನು ಸೀಕ್ವೆನ್ಸ್ ಅಳತೆಗೆ ಇಳಿಸಿಬಿಡುತ್ತದೆ, ಆಮೇಲೆ ಝೂಮ್ ಮಾಡಿದರೆ ಒಡೆಯುತ್ತದೆ. ಎರಡನೆಯದು ಸ್ಕೇಲ್ ಅಂಕಿಯನ್ನು ಮಾತ್ರ ಬದಲಾಯಿಸುತ್ತದೆ.

ಈಗ ಕ್ಯಾಸೆಟ್. ಆಗ ನಮ್ಮಲ್ಲಿದ್ದದ್ದು ಪಾಲ್ ಅನ್ನೋ ಟಿವಿ ಪದ್ಧತಿ. 720×576, ಆದರೆ ನೋಡುವಾಗ 4:3. ಇಲ್ಲೂ ಪಿಕ್ಸೆಲ್ ಚೌಕವಲ್ಲ, ಅಗಲ 1.094 ಪಟ್ಟು. ಇಂಟರ್‌ಪ್ರೆಟ್ ಫುಟೇಜ್‌ನಲ್ಲಿ ಡಿ1/ಡಿವಿ ಪಾಲ್ (1.0940) ಅಂತ ಇದೆಯಾ ನೋಡಿಕೊಳ್ಳಿ. ಎತ್ತರ 1080 ಆಗಲು ಸ್ಕೇಲ್ 187.5 ಕೊಡಿ, ಅಗಲ ಸುಮಾರು 1477 ಬರುತ್ತದೆ. 720ರಲ್ಲಿ ನಿಜವಾದ ಚಿತ್ರ ಇರುವುದು ಸುಮಾರು 702 ಪಿಕ್ಸೆಲ್. ಅಂಚಿನಲ್ಲಿ ಸಣ್ಣ ಕಪ್ಪು ಪಟ್ಟಿ ಕಂಡರೆ ಎರಡೂ ಕಡೆ ಒಂಬತ್ತೊಂಬತ್ತು ಪಿಕ್ಸೆಲ್ ಕ್ರಾಪ್ ಮಾಡಿ. ಉಳಿದದ್ದು ಸ್ಕ್ರೀನ್ ಮೇಲೆ 1440×1080 ಜಾಗ ಹಿಡಿಯುತ್ತದೆ.

ಅದನ್ನು 1920ಕ್ಕೆ ಎಳೆಯುವುದು ಮಾತ್ರ ಬೇಡ. ಮುಖಗಳು 30-33%ನಷ್ಟು ಅಗಲ ಆಗುತ್ತವೆ. 30 ವರ್ಷದ ಹಿಂದಿನ ನಿಮ್ಮ ಅಮ್ಮ ಹೇಗಿದ್ದರೋ ಹಾಗೇ ಕಾಣಬೇಕು ಅಲ್ವಾ? ಪಕ್ಕದ ಜಾಗ ಕಪ್ಪು ಇರಲಿ, ಇಲ್ಲಾ ಒಂದು ಗಾಢ ಬಣ್ಣ ಹಾಕಿ. ಅದೇ ವಿಡಿಯೋವನ್ನು ಮಸುಕು ಮಾಡಿ ಹಿಂದೆ ಹಾಕುವುದು ನನಗಂತೂ ಹಿಡಿಸುವುದಿಲ್ಲ, ಕಣ್ಣು ಅಲ್ಲಿಗೇ ಹೋಗುತ್ತದೆ.

ಆಕಾರ ಸರಿ ಇದೆಯಾ ಅಂತ ಅನುಮಾನ ಬಂದರೆ ಆರತಿ ತಟ್ಟೆ ಎದುರಿಗೆ ಕಾಣುವ ಶಾಟ್ ಹುಡುಕಿ, ಇಲ್ಲಾ ಹಣೆಯ ಕುಂಕುಮ ನೋಡಿ. ಅದು ದುಂಡಗಿದ್ದರೆ ಸರಿ.

ಮತ್ತೆ ಅವರೇ: ತುಂಬಾ ಥ್ಯಾಂಕ್ಸ್ ಸರ್, ಫೋಟೋ ಸರಿಹೋಯಿತು! ಇನ್ನೊಂದು. 4×6 ಇಂಚಿನ ಹಳೆ ಫೋಟೋಗಳನ್ನು ಸ್ಕ್ಯಾನ್ ಮಾಡಬೇಕು. ಅಲ್ಲೂ ಡಿಪಿಐ ಬೇಡವಾ?

ಉತ್ತರ: ಅಲ್ಲಿ ಬೇಕೇ ಬೇಕು ಮೇಡಂ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ತೆಗೆಯಬೇಕು ಅಂತ ಸ್ಕ್ಯಾನರ್‌ಗೆ ಹೇಳುವುದೇ ಅದರಿಂದ. 300ರಲ್ಲಿ ಮಾಡಿದರೆ 1800×1200 ಸಿಗುತ್ತದೆ, 1920 ತುಂಬುವುದಕ್ಕೇ ಸಾಲದು. 600ರಲ್ಲಿ ಮಾಡಿ, 3600×2400 ಬರುತ್ತದೆ. ಗುಂಪಿನಿಂದ ಒಬ್ಬರ ಮುಖದ ಕಡೆಗೆ ನಿಧಾನಕ್ಕೆ ಹೋಗಲು ಅಷ್ಟಿದ್ದರೆ ಧಾರಾಳ.

ಇನ್ನೊಬ್ಬರು: ಅಣ್ಣ, ನಾನು ಸ್ಟುಡಿಯೋದಲ್ಲಿ ಎಡಿಟಿಂಗ್ ಕಲಿಯುತ್ತಿದ್ದೇನೆ. 12×36 ಇಂಚಿನ ಆಲ್ಬಂ ಶೀಟ್‌ಗಳನ್ನು ಟೈಮ್‌ಲೈನ್‌ಗೆ ಹಾಕಿದರೆ ಸಿಸ್ಟಮ್ ಸ್ಟಕ್ ಆಗುತ್ತದೆ. ಲಗ್ನಪತ್ರಿಕೆ ಫೈಲಂತೂ ಸರಿಯಾಗಿ ಬರುವುದೇ ಇಲ್ಲ. ಏನು ಮಾಡಲಿ?

ಉತ್ತರ: ನೋಡಪ್ಪ, 300 ಡಿಪಿಐನ 12×36 ಅಂದರೆ 10800×3600. ಒಂದೊಂದು ಶೀಟೂ ಸುಮಾರು 39 ಮೆಗಾಪಿಕ್ಸೆಲ್. ಅಂಥವು ಐವತ್ತು ಹಾಕಿದರೆ ಯಾವ ಸಿಸ್ಟಮ್ ಆದರೂ ಒದ್ದಾಡುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ನೆ ಪ್ಯಾನ್ ಮಾಡುವುದಾದರೆ 3240×1080 ಸಾಕು. ಮಧ್ಯೆ ಎರಡು ಪಟ್ಟು ಝೂಮ್ ಬೇಕಾದ ಶೀಟ್‌ಗಳನ್ನು ಮಾತ್ರ 6480×2160 ಇಟ್ಟುಕೋ. ಮೊದಲೇ ಫೋಟೋಶಾಪ್‌ನಲ್ಲಿ ಬ್ಯಾಚ್ ಹಾಕಿ ಎಲ್ಲವನ್ನೂ ಒಟ್ಟಿಗೆ ಬೇರೆ ಫೋಲ್ಡರ್‌ಗೆ ಇಳಿಸು. ಒರಿಜಿನಲ್ ಮೇಲೆ ಸೇವ್ ಮಾಡಬೇಡ, ಆಲ್ಬಂ ಪ್ರಿಂಟ್‌ಗೆ ಅದೇ ಹೋಗಬೇಕು.

ಲಗ್ನಪತ್ರಿಕೆ ಪ್ರೆಸ್‌ಗೆ ಮಾಡಿದ್ದು, ಹಾಗಾಗಿ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಬಣ್ಣದಲ್ಲಿ ಇರುತ್ತದೆ. ಪ್ರೀಮಿಯರ್ ಅದನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಫೋಟೋಶಾಪ್‌ನಲ್ಲಿ ತೆರೆದು ಎಸ್‌ಆರ್‌ಜಿಬಿಗೆ (ಸ್ಕ್ರೀನ್ ಬಣ್ಣಕ್ಕೆ) ಬದಲಾಯಿಸಿ ಪಿಎನ್‌ಜಿ ಸೇವ್ ಮಾಡು. ಕೆಂಪು, ಅರಿಶಿನದ ಹಳದಿ ಸ್ವಲ್ಪ ಬೇರೆ ಥರ ಕಾಣಬಹುದು. ಅಚ್ಚಾದ ಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ಹೊಂದಿಸಿಕೋ.