ಹಾರ್ಡ್‌ಡಿಸ್ಕ್ ತೆಗೆದರೆ ಹೊಸ ಎಸ್‌ಎಸ್‌ಡಿ ಬೂಟ್ ಆಗುತ್ತಿಲ್ಲ (ಎಚ್61 ಬೋರ್ಡ್, ಕಾರವಾರ)

ಕೋಡಿಬಾಗ, ಕಾರವಾರ
ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್. ಎಚ್61 ಮದರ್‌ಬೋರ್ಡ್, ಐ3-3220 ಪ್ರೊಸೆಸರ್, 8 ಜಿಬಿ ರ‍್ಯಾಮ್. ಮೊದಲಿದ್ದ 500 ಜಿಬಿ ಹಾರ್ಡ್‌ಡಿಸ್ಕ್ ಹಾಗೇ ಇದೆ. ಜೊತೆಗೆ 480 ಜಿಬಿಯ ಹೊಸ ಸಾಟಾ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ವೇಗದ ಡಿಸ್ಕ್) ಹಾಕಿ, ಅದರ ಮೇಲೆ ವಿಂಡೋಸ್ 10 ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಎರಡೂ ಡಿಸ್ಕ್ ಇದ್ದರೆ ಚೆನ್ನಾಗಿ ಓಡುತ್ತದೆ. ಹಾರ್ಡ್‌ಡಿಸ್ಕಿನ ಕೇಬಲ್ ತೆಗೆದರೆ ಕಪ್ಪು ಪರದೆಯ ಮೇಲೆ ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅಂತ ಬರುತ್ತದೆ. ಬಯೋಸ್‌ನಲ್ಲಿ (ಬೋರ್ಡಿನದೇ ಸೆಟಪ್ ಪರದೆ) ಎಸ್‌ಎಸ್‌ಡಿಯ ಹೆಸರು ಮಾತ್ರ ಸರಿಯಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಸಿಡಿಲಿನ ಹೆದರಿಕೆಗೆ ರಾತ್ರಿ ಪ್ಲಗ್ ಕಿತ್ತಿಟ್ಟರೆ ಬೆಳಿಗ್ಗೆ ಕೆಲವು ಸಲ ‘ಎಫ್1 ಒತ್ತಿ’ ಎನ್ನುತ್ತದೆ. ಒತ್ತಿದರೆ ನೀಲಿ ಪರದೆ, ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’. ಎಸ್‌ಎಸ್‌ಡಿ ಕೆಟ್ಟದ್ದೇ ಬಂದಿದೆಯಾ? ವಾಪಸ್ ಕೊಡಲಾ?

ಬನವಾಸಿ ರಸ್ತೆ, ಶಿರಸಿ
ವಾಪಸ್ ಕೊಡಬೇಡಿ ಮಾರಾಯ್ರೆ. ಎಸ್‌ಎಸ್‌ಡಿ ಹಾಳಾಗಿದ್ದರೆ ಎರಡು ಡಿಸ್ಕ್ ಇದ್ದಾಗಲೂ ವಿಂಡೋಸ್ ಏಳುತ್ತಿರಲಿಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಕಾಣಿಸಿಕೊಂಡಿವೆ, ಒಂದಕ್ಕೊಂದು ಸಂಬಂಧ ಇಲ್ಲ. ಮೊದಲನೆಯದನ್ನು ಖಾತ್ರಿ ಮಾಡಿಕೊಳ್ಳಲು ಎರಡೂ ಡಿಸ್ಕ್ ಹಾಕಿ ಬೂಟ್ ಮಾಡಿ, ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಯಾವ ಪಾರ್ಟಿಶನ್‌ನಲ್ಲಿ (ಡಿಸ್ಕಿನ ಭಾಗ) ‘ಸಿಸ್ಟಂ, ಆ್ಯಕ್ಟಿವ್’ ಎಂದಿದೆ, ಯಾವುದರಲ್ಲಿ ‘ಬೂಟ್, ಪೇಜ್ ಫೈಲ್’ ಎಂದಿದೆ ಹೇಳಿ. ಹಾಗೇ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೊ32 ಕೊಟ್ಟು, ಬಯೋಸ್ ಮೋಡ್ ಲೆಗಸಿಯೋ (ಹಳೆ ಬೂಟ್ ಪದ್ಧತಿ) ಯುಇಎಫ್‌ಐಯೋ (ಹೊಸದು) ನೋಡಿ.

ಕೋಡಿಬಾಗ, ಕಾರವಾರ
ಲೆಗಸಿ. ‘ಸಿಸ್ಟಂ, ಆ್ಯಕ್ಟಿವ್’ ಇರುವುದು ಹಾರ್ಡ್‌ಡಿಸ್ಕಿನ 100 ಎಂಬಿಯ ಸಿಸ್ಟಂ ರಿಸರ್ವ್ಡ್ ಪಾರ್ಟಿಶನ್‌ನಲ್ಲಿ. ಎಸ್‌ಎಸ್‌ಡಿಯ ಸಿ ಡ್ರೈವ್‌ನಲ್ಲಿ ‘ಬೂಟ್, ಪೇಜ್ ಫೈಲ್, ಕ್ರ್ಯಾಶ್ ಡಂಪ್’ ಅಂತ ಇದೆ.

ಬನವಾಸಿ ರಸ್ತೆ, ಶಿರಸಿ
ಅಲ್ಲೇ ಇದೆ ನೋಡಿ. ‘ಸಿಸ್ಟಂ’ ಎಂದು ಬರೆದಿರುವಲ್ಲಿ ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಕೂತಿರುತ್ತದೆ, ‘ಬೂಟ್’ ಎಂದು ಬರೆದಿರುವಲ್ಲಿ ವಿಂಡೋಸ್ ಇರುತ್ತದೆ. ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಹಳೆ ಡಿಸ್ಕ್ ಬೂಟ್ ಸರದಿಯಲ್ಲಿ ಮೊದಲಿದ್ದರೆ, ಸೆಟಪ್ ತನ್ನ ಬೂಟ್ ಫೈಲುಗಳನ್ನು ಅದರ ಆ್ಯಕ್ಟಿವ್ ಪಾರ್ಟಿಶನ್‌ನಲ್ಲೇ ಇಟ್ಟುಬಿಡುತ್ತದೆ. ಯುಇಎಫ್‌ಐ ಯಂತ್ರಗಳಲ್ಲೂ ಹಳೆ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಶನ್ ಇದ್ದರೆ ಇದೇ ಕಥೆ. ಅದಕ್ಕೇ ವಿಂಡೋಸ್ ಹಾಕುವಾಗ ಹೊಸ ಡಿಸ್ಕ್ ಒಂದನ್ನೇ ಜೋಡಿಸಿರಬೇಕು.

ಮತ್ತೆ ಇನ್‌ಸ್ಟಾಲ್ ಮಾಡುವುದು ಬೇಡ. ವಿಂಡೋಸ್ 10 ಪೆನ್‌ಡ್ರೈವ್ ಸಿದ್ಧ ಇಟ್ಟುಕೊಳ್ಳಿ, ಬಿಲ್ಲಿಂಗ್ ಡೇಟಾದ ಒಂದು ಪ್ರತಿ ಬೇರೆ ಕಡೆ ತೆಗೆದಿಡಿ. ಆಮೇಲೆ ಪವರ್ ಪೂರ್ತಿ ಬಂದ್ ಮಾಡಿ ಹಾರ್ಡ್‌ಡಿಸ್ಕಿನ ಎರಡೂ ಕೇಬಲ್ ತೆಗೆಯಿರಿ. ಇದನ್ನು ಬಿಡಲೇಬೇಡಿ: ಡಿಸ್ಕ್‌ಪಾರ್ಟ್‌ನಲ್ಲಿ (ಡಿಸ್ಕ್ ಹೊಂದಿಸುವ ಕಮಾಂಡ್) ನಿಮ್ಮ 500 ಜಿಬಿ ಹಾರ್ಡ್‌ಡಿಸ್ಕ್ 465 ಜಿಬಿ ಎಂದೂ 480 ಜಿಬಿ ಎಸ್‌ಎಸ್‌ಡಿ 447 ಜಿಬಿ ಎಂದೂ ಕಾಣುತ್ತದೆ. ಎರಡೂ ಪಕ್ಕದಲ್ಲಿದ್ದರೆ ಅವಸರದಲ್ಲಿ ತಪ್ಪು ಡಿಸ್ಕ್ ಹಿಡಿಯುವುದು ಬಹಳ ಸುಲಭ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಭಾಷೆ ಕೇಳುವ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಕಿಟಕಿ ಬರುತ್ತದೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ:

ಡಿಸ್ಕ್‌ಪಾರ್ಟ್
ಲಿಸ್ಟ್ ಡಿಸ್ಕ್
ಸೆಲೆಕ್ಟ್ ಡಿಸ್ಕ್ 0
ಲಿಸ್ಟ್ ಪಾರ್ಟಿಶನ್
ಸೆಲೆಕ್ಟ್ ಪಾರ್ಟಿಶನ್ 1
ಆ್ಯಕ್ಟಿವ್
ಎಕ್ಸಿಟ್

ಡಿಸ್ಕ್ ಸಂಖ್ಯೆ 0 ಎಂದು ನಂಬಿ ಕೂರಬೇಡಿ, 447 ಜಿಬಿ ಇರುವುದನ್ನೇ ಆರಿಸಿ. ವಿಂಡೋಸ್ ಇರುವ ದೊಡ್ಡ ಪಾರ್ಟಿಶನ್‌ನ ಸಂಖ್ಯೆ 1 ಅಲ್ಲದಿದ್ದರೆ ಅದರ ಸಂಖ್ಯೆ ಕೊಡಿ. ನಂತರ ‘ಡಿಐಆರ್ ಸಿ:\’ ಎಂದು ಕೊಟ್ಟು ನಿಮ್ಮ ವಿಂಡೋಸ್, ಯೂಸರ್ಸ್ ಫೋಲ್ಡರ್‌ಗಳು ಅಲ್ಲೇ ಇವೆಯೇ ನೋಡಿ, ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಅಕ್ಷರ ಬದಲಾಗಿ ಡಿ ಆಗಿರಬಹುದು. ಖಾತ್ರಿಯಾದ ಮೇಲೆ (ಡಿ ಆಗಿದ್ದರೆ ಸಿ ಬದಲು ಡಿ ಕೊಡಿ):

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಸಿ: /ಎಫ್ ಬಯೋಸ್
ಬೂಟ್‌ಸೆಕ್ಟ್ /ಎನ್‌ಟಿ60 ಸಿ: /ಎಂಬಿಆರ್

ಮೊದಲನೆಯದು ಬೂಟ್ ಮ್ಯಾನೇಜರ್ ಮತ್ತು ಅದರ ಪಟ್ಟಿಯನ್ನು ಎಸ್‌ಎಸ್‌ಡಿಗೇ ಬರೆಯುತ್ತದೆ, ಎರಡನೆಯದು ಡಿಸ್ಕಿನ ಮೊದಲ ಸೆಕ್ಟರ್‌ನ ಕೋಡ್ ಸರಿಮಾಡುತ್ತದೆ. ಬೂಟ್‌ಸೆಕ್ಟ್ ಸಿಗದಿದ್ದರೆ ಪೆನ್‌ಡ್ರೈವ್‌ನ ‘ಬೂಟ್’ ಫೋಲ್ಡರ್ ಒಳಗಿಂದ ಓಡಿಸಿ. ಪೆನ್‌ಡ್ರೈವ್ ತೆಗೆದು ಸ್ಟಾರ್ಟ್ ಮಾಡಿ. ಎಸ್‌ಎಸ್‌ಡಿ ಒಂದೇ ಇದ್ದು ವಿಂಡೋಸ್ ಎದ್ದರೆ ಮಾತ್ರ ಹಾರ್ಡ್‌ಡಿಸ್ಕ್ ಮತ್ತೆ ಜೋಡಿಸಿ. ಹಳೆಯ ಸಿಸ್ಟಂ ರಿಸರ್ವ್ಡ್ ಅಲ್ಲಿಯವರೆಗೆ ಮುಟ್ಟಬೇಡಿ.

ಅಘನಾಶಿನಿ, ಕುಮಟಾ
ಎರಡನೆಯ ತೊಂದರೆ ಬೋರ್ಡಿನ ಸೆಲ್. ಪ್ಲಗ್ ಹಾಕಿದ್ದಷ್ಟು ಹೊತ್ತು ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಸ್ಟ್ಯಾಂಡ್‌ಬೈ ಕರೆಂಟು ಬಯೋಸ್ ಸೆಟ್ಟಿಂಗ್ ಮತ್ತು ಗಡಿಯಾರವನ್ನು ಉಳಿಸುತ್ತದೆ. ಪ್ಲಗ್ ಕಿತ್ತಾಗ ಆ ಕೆಲಸ ಸಿಆರ್2032 ಸೆಲ್ ಮೇಲೆ ಬೀಳುತ್ತದೆ. ಅದು ಸತ್ತಿದ್ದರೆ ಬಯೋಸ್ ಡೀಫಾಲ್ಟ್‌ಗೆ ಮರಳುತ್ತದೆ. ಹಲವು ಎಚ್61 ಬೋರ್ಡ್‌ಗಳಲ್ಲಿ ಸಾಟಾ ಮೋಡ್‌ನ ಡೀಫಾಲ್ಟ್ ಐಡಿಇ (ಡಿಸ್ಕ್ ಜೊತೆ ಮಾತಾಡುವ ಹಳೆ ವಿಧಾನ). ನೀವು ಹೊಸ ವಿಧಾನವಾದ ಎಎಚ್‌ಸಿಐನಲ್ಲಿ ಇನ್‌ಸ್ಟಾಲ್ ಮಾಡಿರುತ್ತೀರಿ, ಹಾಗಾಗಿ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗದೆ ನೀಲಿ ಪರದೆ. ತಾರೀಕು ಹಿಂದೆ ಹೋಗಿ ಬ್ಯಾಂಕ್ ವೆಬ್‌ಸೈಟು ‘ಸುರಕ್ಷಿತವಲ್ಲ’ ಎಂದರೆ ಅದೂ ಇದರ ಗುರುತೇ.

ಸೆಲ್ ಹೊರಗೆ ತೆಗೆದು ಮಲ್ಟಿಮೀಟರ್ 20 ವೋಲ್ಟ್ ಡಿಸಿಗಿಟ್ಟು ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ತುಸು ಜಾಸ್ತಿ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಕರಾವಳಿಯಲ್ಲಿ ಮಾತ್ರ ಇಷ್ಟಕ್ಕೇ ನಿಲ್ಲಿಸಬಾರದು: ಸೆಲ್ ಎತ್ತಿದ ಮೇಲೆ ಹೋಲ್ಡರ್‌ನ ಸ್ಪ್ರಿಂಗ್ ಪಟ್ಟಿಯ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದೆಯೇ ಬೆಳಕು ಬಿಟ್ಟು ನೋಡಿ. ಉಪ್ಪು ಗಾಳಿಗೆ ಅದು ತುಕ್ಕು ಹಿಡಿದಿದ್ದರೆ ಹೊಸ ಸೆಲ್ ಹಾಕಿದರೂ ಕಾಂಟ್ಯಾಕ್ಟ್ ಸಿಗುವುದಿಲ್ಲ. ಕಿವಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಪೆಟ್ರೋಲು, ಸೀಮೆಎಣ್ಣೆ ಬೇಡ.

ಆಮೇಲೆ ಬಯೋಸ್‌ನಲ್ಲಿ ತಾರೀಕು, ಸಾಟಾ ಮೋಡ್ ಎಎಚ್‌ಸಿಐ, ಬೂಟ್ ಸರದಿ ಸರಿಮಾಡಿ ಎಫ್10 ಕೊಟ್ಟು ಸೇವ್ ಮಾಡಿ. ಬೂಟ್ ಪಟ್ಟಿಯಲ್ಲಿ ಒಂದೇ ಡಿಸ್ಕ್ ಕಂಡರೆ ಗಾಬರಿ ಬೇಡ. ಹಾರ್ಡ್‌ಡಿಸ್ಕ್‌ಗಳ ಒಳಗಿನ ಸರದಿ ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಎಂಬ ಬೇರೆ ಮೆನುವಿನಲ್ಲಿರುತ್ತದೆ.

ಗಂಗಾವಳಿ, ಅಂಕೋಲಾ
ಇಷ್ಟೆಲ್ಲ ಮಾಡುವ ಬದಲು ಪಿಸಿಐಇ (ಕಾರ್ಡ್ ಸ್ಲಾಟ್) ಅಡಾಪ್ಟರ್‌ನಲ್ಲಿ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದರೆ ಆಗದೇ?

ಬನವಾಸಿ ರಸ್ತೆ, ಶಿರಸಿ
ಈ ಬೋರ್ಡಿಗೆ ಬೇಡ. ಎಚ್61 ಕಾಲದ ಬಯೋಸ್‌ಗೆ ಎನ್‌ವಿಎಂಇ ಗೊತ್ತಿಲ್ಲ. ವಿಂಡೋಸ್ ಒಳಗೆ ಡಿಸ್ಕ್ ಕಾಣುತ್ತದೆ, ಬೂಟ್ ಆಗುವುದಿಲ್ಲ. ಎಚ್61 ಚಿಪ್‌ಸೆಟ್‌ನ ಸಾಟಾ ಪೋರ್ಟುಗಳು 3 ಗಿಗಾಬಿಟ್‌ನವು, ಆದ್ದರಿಂದ ಎಸ್‌ಎಸ್‌ಡಿ ವೇಗ ಸೆಕೆಂಡಿಗೆ 280 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಿಲ್ಲಿಂಗ್‌ಗೆ ಅದು ಧಾರಾಳ ಸಾಕು.

ಕೋಡಿಬಾಗ, ಕಾರವಾರ
ಎಸ್‌ಎಸ್‌ಡಿ ಒಂದರಿಂದಲೇ ಬೂಟ್ ಆಯಿತು. ಸೆಲ್ 2.1 ವೋಲ್ಟ್ ಇತ್ತು, ಹೋಲ್ಡರ್‌ನಲ್ಲಿ ನೀವು ಹೇಳಿದ ಹಸಿರು ಪುಡಿಯೂ ಇತ್ತು, ಉಜ್ಜಿ ಹೊಸ ಸೆಲ್ ಹಾಕಿದೆ. ಈಗ ಪ್ಲಗ್ ಕಿತ್ತರೂ ತಾರೀಕು ನಿಲ್ಲುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಎಸ್‌ಎಸ್‌ಡಿ ‘ಗುಡ್’ ಎನ್ನುತ್ತದೆ, ಆದರೆ ಸಿ7 ಎಂಬ ಸಾಲಿನಲ್ಲಿ ಸಿಆರ್‌ಸಿ ಎರರ್ 41 ಅಂತಿದೆ. ಇದಕ್ಕೇನು?

ಅಘನಾಶಿನಿ, ಕುಮಟಾ
ಮೊದಲು ಆ ಸಂಖ್ಯೆ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಇದೆಯಾ ನೋಡಿ. ಆ ಸಾಫ್ಟ್‌ವೇರ್ ರಾ ವ್ಯಾಲ್ಯೂಗಳನ್ನು ಹೆಕ್ಸ್‌ನಲ್ಲೇ ತೋರಿಸುವುದು ವಾಡಿಕೆ, ಆಗ 41 ಅಂದರೆ 65. ಅಡ್ವಾನ್ಸ್ಡ್ ಫೀಚರ್ ಮೆನುವಿನಲ್ಲಿ ಬದಲಿಸಬಹುದು. ಅದು ಎಸ್‌ಎಸ್‌ಡಿ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ಕೆಟ್ಟುಹೋದ ಡೇಟಾದ ಲೆಕ್ಕ, ಚಿಪ್ ಹಾಳಾದ ಲೆಕ್ಕ ಅಲ್ಲ. ಹೆಚ್ಚಾಗಿ ಕೇಬಲ್ಲೇ ಕಾರಣ. ಕ್ಲಿಪ್ ಇರುವ ಹೊಸ ಸಾಟಾ ಕೇಬಲ್ ಹಾಕಿ, ಬೋರ್ಡ್ ಕಡೆಯ ಪೋರ್ಟನ್ನೂ ಆಲ್ಕೊಹಾಲ್‌ನಿಂದ ಒರೆಸಿ. ಈ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಇವತ್ತಿನ ಅಂಕಿ ಬರೆದಿಟ್ಟುಕೊಂಡು ವಾರ ಬಿಟ್ಟು ನೋಡಿ. ಅಷ್ಟೇ ಇದ್ದರೆ ಮುಗಿಯಿತು, ಏರುತ್ತಿದ್ದರೆ ಪೋರ್ಟ್ ಬದಲಿಸಿ. ಪವರ್‌ಗೆ ಮೋಲೆಕ್ಸ್‌ನಿಂದ (ನಾಲ್ಕು ಪಿನ್ನಿನ ಹಳೆ ಪವರ್ ವೈರ್) ಸಾಟಾಗೆ ಬರುವ, ಪ್ಲಾಸ್ಟಿಕ್ ಅಚ್ಚು ಹೊಯ್ದ ಅಗ್ಗದ ಕನೆಕ್ಟರ್ ಬಳಸಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಅಂಥವು ಒಳಗೇ ಶಾರ್ಟ್ ಆಗಿ ಸುಟ್ಟುಹೋಗುವುದುಂಟು. ಎಸ್‌ಎಂಪಿಎಸ್‌ನದೇ ಸಾಟಾ ವೈರ್ ಖಾಲಿ ಇದ್ದರೆ ಅದನ್ನೇ ಚುಚ್ಚಿ.