ಅಪ್‌ಡೇಟ್: ಆರು ವರ್ಷ ತಡವಾದ ಮುಂಬಡ್ತಿಯ ಬೇಡಿಕೆ

ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವರಿಗೆ ಆರು ವರ್ಷಗಳ ಹಿಂದೆ ಸಿಕ್ಕ ಮುಂಬಡ್ತಿಯನ್ನು ಈಗ ಪ್ರಶ್ನಿಸಬಹುದೇ ಎಂದು ಕೇಳಿದ್ದೆ. ಇಲಾಖೆಗೆ ಮನವಿ ಕೊಡುತ್ತಲೇ ಇದ್ದರೆ ಹಕ್ಕು ಉಳಿಯುತ್ತದೆ ಎಂದು ಹಲವರು ಧೈರ್ಯ ಹೇಳಿದ್ದಿರಿ. ನಾನೂ ಹಾಗೆಯೇ ನಂಬಿ ವರ್ಷಗಳನ್ನು ಕಳೆದುಕೊಂಡೆ, ಆದರೆ ಅದು ಸರಿಯಲ್ಲವೆಂದು ವಕೀಲರಿಂದ ತಿಳಿಯಿತು.

ಸರ್ಕಾರಿ ನೌಕರರ ಸೇವಾ ವಿವಾದಗಳನ್ನು ವಿಚಾರಿಸುವ ಆಡಳಿತ ನ್ಯಾಯಮಂಡಳಿಗಳ 1985ರ ಕಾಯ್ದೆಯ 21ನೇ ಕಲಮಿನಂತೆ ಅಂತಿಮ ಆದೇಶವಾದ ಒಂದು ವರ್ಷದೊಳಗೆ, ಮನವಿಗೆ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಹಳೆಯ ಬೇಡಿಕೆಗೆ ಇಲಾಖೆ ಇಂದು ಉತ್ತರಿಸಿದ ಮಾತ್ರಕ್ಕೆ ಕಾಲಮಿತಿ ಹೊಸದಾಗಿ ಆರಂಭವಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2008ರ ಸಿ. ಜೇಕಬ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವೇತನ ಅಥವಾ ಪಿಂಚಣಿ ನಿಗದಿಯ ತಪ್ಪು ಪ್ರತಿ ತಿಂಗಳೂ ಮುಂದುವರಿಯುವುದರಿಂದ ಅಲ್ಲಿ ವಿಳಂಬಕ್ಕೆ ಸ್ವಲ್ಪ ರಿಯಾಯಿತಿ ಉಂಟು. ಮುಂಬಡ್ತಿಯಲ್ಲಾದರೋ ಈಗಾಗಲೇ ನೆಲೆಗೊಂಡ ಇತರರ ಜ್ಯೇಷ್ಠತೆಯೇ ಅಲುಗಾಡುವ ಕಾರಣ ನ್ಯಾಯಾಲಯಗಳು ಬಿಗಿಯಾಗಿವೆ, ಅದು ನನಗೆ ನೋವಾದರೂ ನ್ಯಾಯವೆಂದೇ ತೋರುತ್ತದೆ.

ಅಂತಿಮ ಜ್ಯೇಷ್ಠತಾ ಪಟ್ಟಿಯನ್ನು ನನಗೆ ತಲುಪಿಸಿಯೇ ಇರಲಿಲ್ಲವೆಂಬ ದಾಖಲೆ ಮಾಹಿತಿ ಹಕ್ಕಿನಡಿ ದೊರೆತಿದೆ. ಅದನ್ನು ಸಾಕಷ್ಟು ಕಾರಣವೆಂದು ತೋರಿಸಿ, ವಿಳಂಬ ಮನ್ನಾ ಕೋರಿಕೆಯೊಂದಿಗೆ ಮುಂದಿನ ವಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುತ್ತಿದ್ದೇನೆ.